ಸಂಶಯವಾದಿಗೆ ನೀತಿಯುಂಟೇ?



ಎಲ್ಲವನ್ನೂ ಸಂಶಯಿಸುವವನು ನೀತಿಯನ್ನೂ ಬಿಟ್ಟುಬಿಡುತ್ತಾನೆಂಬ ಭಯ ನಮ್ಮ ಹಿರಿಯರಲ್ಲಿ ಬಹಳವಾಗಿತ್ತು. ತರಗತಿಯಲ್ಲಿ ಹೆಚ್ಚು ಪ್ರಶ್ನೆ ಕೇಳುವ ಹುಡುಗನನ್ನು ‘ತಲೆಹರಟೆ’ ಎಂದು ಕರೆಯುವುದರ ಹಿಂದೆಯೂ ಇರುವುದು ಅದೇ ಭಯ. ನಿವೃತ್ತಿಯ ಬಿಡುವಿನಲ್ಲಿ ಮೂವರು ಕಡು ಸಂಶಯವಾದಿಗಳ ವಿಚಾರಗಳನ್ನು ಓದಿಕೊಂಡಾಗ ಆ ಭಯಕ್ಕೆ ಆಧಾರವಿಲ್ಲವೆನಿಸಿತು. ಆದರೆ ಅಂಜಬೇಕಾದ ಬೇರೊಂದು ಸಂಗತಿ ಅಲ್ಲಿ ಕಂಡಿತು.

ಮೊದಲನೆಯವನು ಸೆಕ್ಸ್ಟಸ್ ಎಂಪಿರಿಕಸ್. ಗ್ರೀಕ್ ತತ್ತ್ವಜ್ಞಾನಿ ಪಿರೋನ ಪರಂಪರೆಯವನು, ವೃತ್ತಿಯಿಂದ ವೈದ್ಯ, ಸುಮಾರು ಕ್ರಿ.ಶ. 2ನೆಯ ಶತಮಾನದಲ್ಲಿ ಬಾಳಿದವನು. ಪ್ರತಿ ವಾದಕ್ಕೂ ಅಷ್ಟೇ ತೂಕದ ಪ್ರತಿವಾದವನ್ನು ಎದುರಿಟ್ಟು, ಯಾವ ತೀರ್ಮಾನಕ್ಕೂ ಬಾರದೆ ನಿಲ್ಲುವುದು ಅವನ ಮಾರ್ಗ. ಹಾಗೆ ನಿಂತವನಿಗೆ ಮನಶ್ಶಾಂತಿ ತಾನಾಗಿಯೇ ಒದಗುತ್ತದೆಂದು ಅವನ ಅನುಭವ. ಬದುಕು ನಡೆಸಲು ನಾಲ್ಕು ಆಸರೆಗಳು ಸಾಕು: ಪ್ರಕೃತಿದತ್ತವಾದ ಇಂದ್ರಿಯ-ಬುದ್ಧಿಗಳು, ಹಸಿವು-ನೀರಡಿಕೆಗಳು, ನಾಡಿನ ಕಾನೂನು-ರೂಢಿಗಳು, ಕಲಿತ ಕಸುಬು. ದುಷ್ಟ ಪ್ರಭುವೊಬ್ಬ ಮಾಡಬಾರದ ಕೆಲಸವನ್ನು ಮಾಡೆಂದು ಬಲವಂತಪಡಿಸಿದರೆ ಏನು ಗತಿ? ಆಗಲೂ ಹಿರಿಯರ ಕಾನೂನು, ರೂಢಿಗಳು ಕಲಿಸಿದಂತೆ ಆರಿಸಿಕೊಳ್ಳಬಹುದೆಂದು ಅವನ ಉತ್ತರ.

ಎರಡನೆಯವನು ನಮ್ಮ ದೇಶದ ಜಯರಾಶಿ ಭಟ್ಟ. ಅವನ ‘ತತ್ತ್ವೋಪಪ್ಲವಸಿಂಹ’ದ ತಾಳೆಗರಿ ಪ್ರತಿ 1926ರಲ್ಲಿ ಗುಜರಾತಿನ ಪಾಟಣದಲ್ಲಿ ದೊರೆತು, 1940ರಲ್ಲಿ ಬರೋಡದಿಂದ ಅಚ್ಚಾಯಿತು. ಚಾರ್ವಾಕರು ಪ್ರತ್ಯಕ್ಷವನ್ನಾದರೂ ಒಪ್ಪುತ್ತಿದ್ದರು. ಈತ ಅದನ್ನೂ ಬಿಡದೆ ಕೆಡವಿದ. ತತ್ತ್ವಗಳೆಲ್ಲ ಉರುಳಿದ ಮೇಲೂ ಲೋಕವ್ಯವಹಾರ ವಿಚಾರದ ಗೊಡವೆಯಿಲ್ಲದೆ ಸೊಗಸಾಗಿ ಸಾಗುತ್ತದೆಂದು ಗ್ರಂಥವನ್ನು ಮುಗಿಸಿದ.

ಇಬ್ಬರೂ ಲೋಕರೂಢಿಯನ್ನು ನೆಮ್ಮಿದರು. ನನ್ನ ಮನಸ್ಸು ತಡೆಯುವುದು ಇಲ್ಲಿಯೇ. 1970ರ ಸುಮಾರಿಗೆ ನಮ್ಮೂರಿನ ಹೋಟೆಲೊಂದರಲ್ಲಿ ಕೆಲವರಿಗೆ ಬೇರೆ ಲೋಟಗಳಿದ್ದವು. ಅವರು ಹೊರಗೆ ನಿಂತು ಚಹಾ ಕುಡಿದು, ಲೋಟವನ್ನು ತಾವೇ ತೊಳೆದು ಬೋರಲಿಡಬೇಕಿತ್ತು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿ ರದ್ದುಪಡಿಸಿತ್ತು. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯಿದೆಯೂ ಬಂದಿತ್ತು. ಕಾನೂನು ಒಂದು ದಾರಿ, ರೂಢಿ ಇನ್ನೊಂದು ದಾರಿ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ ಸೆಕ್ಸ್ಟಸ್ ಆ ಹೋಟೆಲಿನ ಬೆಂಚಿನ ಮೇಲೆ ಕುಳಿತಿದ್ದರೆ ಯಾವುದನ್ನು ಅನುಸರಿಸುತ್ತಿದ್ದ? ಮನಶ್ಶಾಂತಿಯಿಂದ ಚಹಾ ಕುಡಿದು ಎದ್ದುಬರುತ್ತಿದ್ದನೇನೋ!

ಮೂರನೆಯವನು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ (1711–1776). ‘ಹೀಗಿದೆ’ ಎಂಬ ಮಾತಿನಿಂದ ‘ಹೀಗಿರಬೇಕು’ ಎಂಬ ಮಾತಿಗೆ ದಾಟುವವರು ಅದಕ್ಕೆ ಕಾರಣ ಕೊಡಬೇಕೆಂದು ಅವನು ಕೇಳಿದ. ಎಲ್ಲರೂ ಹಾಗೆ ನಡೆಯುತ್ತಾರೆ ಎಂಬುದಷ್ಟರಿಂದಲೇ ಹಾಗೆ ನಡೆಯುವುದು ಸರಿಯಾಗದು. ನೀತಿಯ ಬೇರು ತರ್ಕದಲ್ಲಿಲ್ಲ, ಪರರ ಸುಖದುಃಖಗಳಿಗೆ ಮಿಡಿಯುವ ಸಹಾನುಭೂತಿಯಲ್ಲಿದೆ ಎಂದ. ಹತ್ತಿರದವರಿಗಾಗಿ ಹೆಚ್ಚು, ದೂರದವರಿಗಾಗಿ ಕಡಿಮೆ ಮಿಡಿಯುವುದು ಮನುಷ್ಯಸ್ವಭಾವ. ಆದ್ದರಿಂದ ನಮ್ಮ ಜಾಗ ಬಿಟ್ಟು ಎಲ್ಲರಿಗೂ ಸಲ್ಲುವ ಜಾಗದಲ್ಲಿ ನಿಂತು ತೂಗಿ ನೋಡಬೇಕೆಂದೂ ತಿಳಿಸಿದ. ಲೋಟವನ್ನು ಬೋರಲಿಡುವ ಕೈ ಇಂಥ ನೋಟಕ್ಕೆ ಕಂಡೀತು.

ವಿಪರ್ಯಾಸವೆಂದರೆ, 1753ರಲ್ಲಿ ತನ್ನದೇ ಪ್ರಬಂಧವೊಂದಕ್ಕೆ ಸೇರಿಸಿದ ಅಡಿಟಿಪ್ಪಣಿಯಲ್ಲಿ ಕಪ್ಪು ಜನರು ಹುಟ್ಟಿನಿಂದಲೇ ಕೀಳೆಂದು ಹ್ಯೂಮ್ ಬರೆದ. ಕಾರ್ಯಕಾರಣ ಸಂಬಂಧವನ್ನೇ ಶಂಕಿಸಿದ ಆ ಬುದ್ಧಿಗೆ ತನ್ನ ಸುತ್ತಲಿನ ಆ ಪೂರ್ವಗ್ರಹವನ್ನು ಶಂಕಿಸಬೇಕೆನಿಸಲಿಲ್ಲ. ಅದನ್ನು 1770ರಲ್ಲಿ ಖಂಡಿಸಿದವನು ಜೇಮ್ಸ್ ಬೀಟಿ. ಅವನೋ ಸಂಶಯವಾದದ ಕಡುವಿರೋಧಿ!

ಆದ್ದರಿಂದ ನನಗೆ ಅನ್ನಿಸುವುದಿಷ್ಟು. ಈ ಮೂವರಲ್ಲಿ ಕಾಣುವ ಕೊರತೆ ಅತಿಯಾದ ಸಂಶಯದಿಂದ ಹುಟ್ಟಿದ್ದಲ್ಲ, ಸಂಶಯ ಮುಟ್ಟದೆ ಬಿಟ್ಟ ಕಡೆಯಲ್ಲಿ ಉಳಿದದ್ದು. ನನ್ನ ಹಳೆಯ ವಿದ್ಯಾರ್ಥಿಗಳಾದ ನೀವು ಈಗ ತಂದೆತಾಯಿಗಳಾಗಿದ್ದೀರಿ. ಮಕ್ಕಳು ದೇವರನ್ನೋ ಜಗತ್ತನ್ನೋ ಕುರಿತು ಪ್ರಶ್ನಿಸಿದರೆ ಹೆಮ್ಮೆಯಿಂದ ನಾಲ್ಕು ಜನರಿಗೆ ಹೇಳಿಕೊಳ್ಳುತ್ತೀರಿ. ಮನೆಗೆಲಸದವರಿಗೆ ಬೇರೆ ತಟ್ಟೆ ಏಕೆಂದು ಕೇಳಿದಾಗ ಮಾತ್ರ ಗದರಿಸಿ ಸುಮ್ಮನಾಗಿಸಬೇಡಿ.