312 ಅಂಕ, ಎರಡು ರಾಜ್ಯ, ಒಂದು ಅರ್ಜಿ

ನೀಟಿನಲ್ಲಿ ಪಾಸಾಗುವುದಕ್ಕೂ ಸೀಟು ಸಿಗುವುದಕ್ಕೂ ಸಂಬಂಧ ಅಷ್ಟಕ್ಕಷ್ಟೆ. 2025ರಲ್ಲಿ ಸಾಮಾನ್ಯ ವರ್ಗದವರು 720ರಲ್ಲಿ 144 ತೆಗೆದರೂ ಅರ್ಹರು. ಪರೀಕ್ಷೆ ಬರೆದವರು ಸುಮಾರು 22 ಲಕ್ಷ, ಅರ್ಹರಾದವರು 12 ಲಕ್ಷಕ್ಕೂ ಮೇಲೆ. ದೇಶದಲ್ಲಿರುವ ಎಂಬಿಬಿಎಸ್ ಸೀಟುಗಳು ಸುಮಾರು 1.2 ಲಕ್ಷ, ಅದರಲ್ಲೂ ಹೆಚ್ಚುಕಡಿಮೆ ಅರ್ಧ ಖಾಸಗಿ. ಈ ಲೆಕ್ಕ ಯಾರಿಗೆ ಬೇಕು? ‘ಕ್ವಾಲಿಫೈ ಆಗಿದೆಯಂತೆ’ ಎಂಬ ಸುದ್ದಿ ಮುಟ್ಟಿದ ಕೂಡಲೇ ಅಜ್ಜಿ ಪಾಯಸಕ್ಕೆ ಬೆಲ್ಲ ಹುಡುಕುತ್ತಾರೆ, ಸೋದರಮಾವ ಯಾವುದೋ ಏಜೆಂಟನ ನಂಬರು ಕಳಿಸುತ್ತಾನೆ.

ನಮ್ಮ ನೆರೆಮನೆಯ ಹುಡುಗಿಗೆ ಬಂದದ್ದು 312. ಅವಳನ್ನೂ ಅವಳ ಅಪ್ಪನನ್ನೂ ಕರೆದುಕೊಂಡು ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರಕ್ಕೆ ಹೋದೆ. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗ ತಲೆ ಎತ್ತದೆ ‘ರ‍್ಯಾಂಕ್ ಎತ್ರಯಾ?’ ಎಂದ. ಅವಳು ಅವನಿಗೆ ಮಲಯಾಳದಲ್ಲಿ ಹೇಳಿ, ಅದನ್ನೇ ಅಪ್ಪನಿಗೆ ಕನ್ನಡದಲ್ಲಿ ಹೇಳಿದಳು. ಲಕ್ಷಗಳ ಲೆಕ್ಕದ ರ‍್ಯಾಂಕ್ ಕೇಳಿ ಅಪ್ಪ ನನ್ನತ್ತ ತಿರುಗಿ ತುಳುವಿನಲ್ಲಿ, ‘ದಾದ ಮಲ್ಪುನಿ ಮಾಷ್ಟ್ರೆ?’ ಅಂದರು. ಸಂಕಟ ಬಂದಾಗ ಅವರ ಬಾಯಿಗೆ ತುಳುವೇ ಬರುವುದು.

ಏನು ಮಾಡುವುದೆಂದು ಒಟ್ಟು ಅಂಕ ಹೇಳುವುದಿಲ್ಲ, ಬಿಡಿಸಿ ನೋಡಬೇಕು. ನೀಟಿನಲ್ಲಿ ಜೀವಶಾಸ್ತ್ರಕ್ಕೆ 90 ಪ್ರಶ್ನೆ, ಭೌತ ಮತ್ತು ರಸಾಯನಶಾಸ್ತ್ರಕ್ಕೆ ತಲಾ 45. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಇವಳಿಗೆ ಜೀವಶಾಸ್ತ್ರದಲ್ಲಿ 214, ರಸಾಯನದಲ್ಲಿ 68, ಭೌತಶಾಸ್ತ್ರದಲ್ಲಿ ಬರೀ 30. ‘ಫಿಸಿಕ್ಸ್ ಪ್ರಶ್ನೆ ಎರಡೆರಡು ಸಲ ಓದಬೇಕಾಗ್ತದೆ ಮಾಷ್ಟ್ರೆ, ಅಷ್ಟರಲ್ಲಿ ಟೈಮು ಹೋಗ್ತದೆ. ಕೊನೆಗೆ ಕಣ್ಣು ಮುಚ್ಚಿ ಗೀಚಿದ್ದು’ ಅಂದಳು. ಹೇಳಿದ್ದು ಸುಳ್ಳಲ್ಲ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಪ್ಲಸ್ ವನ್‌ನಲ್ಲಿ ಪುಸ್ತಕ ಇಂಗ್ಲಿಷು, ಪಾಠ ಹೇಳುವುದು ಮಲಯಾಳದಲ್ಲಿ. ಇವಳೋ ನೋಟ್ಸಿನ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಅರ್ಥ ಬರೆದುಕೊಳ್ಳುತ್ತಾಳೆ. ಎರಡು ವರ್ಷದಲ್ಲಿ ಅರ್ಧ ವರ್ಷ ಹೀಗೇ ಕಳೆದುಹೋಗುತ್ತದೆ.

ಅಂಕ ಹೋದದ್ದು ಎಲ್ಲಿ ಎಂದು ಗೊತ್ತಿದ್ದು, ಅದು ತಿದ್ದಬಹುದಾದ ಜಾಗವಾಗಿದ್ದರೆ ಒಂದು ವರ್ಷ ರಿಪೀಟ್ ಮಾಡುವುದರಲ್ಲಿ ಅರ್ಥವಿದೆ. ಮೂರೂ ವಿಷಯದಲ್ಲಿ ಒಂದೇ ಸಮ ಕಡಿಮೆಯಿದ್ದು, ಎರಡನೇ ಸಲವೂ ಹತ್ತಿಪ್ಪತ್ತೇ ಏರಿತೋ, ಅಲ್ಲಿಗೆ ನಿಲ್ಲಿಸುವುದೇ ಬುದ್ಧಿ. ಮೂರು ಸಲ, ನಾಲ್ಕು ಸಲ ಎಂದು ಪಾಲಾಕ್ಕೋ ತೃಶ್ಶೂರಿಗೋ ಕೋಚಿಂಗ್ ಹಾಸ್ಟೆಲಿಗೆ ಕಳಿಸುವವರನ್ನು ಕಂಡರೆ ನನಗೆ ಮಕ್ಕಳ ಮೇಲೆ ಕನಿಕರ ಹುಟ್ಟುತ್ತದೆ.

ಅರ್ಜಿಯನ್ನಂತೂ ಹಾಕಲೇಬೇಕು, ಅದರ ಖರ್ಚು ಕಡಿಮೆ. ಆದರೆ ಗಡಿನಾಡಿನವರ ಅರ್ಜಿಗೆ ಕಾಗದ ಹೆಚ್ಚು. ಕೇರಳದ ವೃತ್ತಿ ಕೋರ್ಸುಗಳ ಪ್ರವೇಶಕ್ಕಿರುವ ಕೀಮ್ ಅರ್ಜಿಯನ್ನು ನೀಟ್ ಫಲಿತಾಂಶಕ್ಕೂ ಮೊದಲೇ ಹಾಕಿರಬೇಕಾಗುತ್ತದೆ. ‘ಅಂಕ ನೋಡಿ ಹಾಕುವಾ’ ಎಂದು ಕೂತವರಿಗೆ ಬಸ್ಸು ತಪ್ಪುತ್ತದೆ. ಅತ್ತ ಕರ್ನಾಟಕದ ಪರೀಕ್ಷಾ ಪ್ರಾಧಿಕಾರವಾದ ಕೆಇಎಯಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಕನ್ನಡ ಮಕ್ಕಳಿಗೆ ಗಡಿನಾಡು ಕನ್ನಡಿಗರೆಂಬ ಅರ್ಹತೆ ಇದೆ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜದವರಿಗೂ ಇದೆ. ಮಾತೃಭಾಷೆ ಕನ್ನಡವೆಂಬ ಪ್ರಮಾಣಪತ್ರ ತೋರಿಸಿ, ಕೆಇಎ ನಡೆಸುವ ಕನ್ನಡ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಹತ್ತು ವರ್ಷ ಕನ್ನಡದಲ್ಲೇ ಓದಿದ ಹುಡುಗಿ ತನಗೆ ಕನ್ನಡ ಬರುತ್ತದೆಂದು ಬೆಂಗಳೂರಿಗೆ ಹೋಗಿ ಸಾಬೀತು ಮಾಡಬೇಕಾದದ್ದು ತಮಾಷೆಯೇ. ಎರಡೂ ರಾಜ್ಯದಲ್ಲಿ ನಿವಾಸದ ಹಕ್ಕು ಹೇಳುವ ಮುನ್ನ ಎರಡೂ ಕಡೆಯ ನಿಯಮ ಓದಿಕೊಳ್ಳಿ.

ಇನ್ನು ದುಡ್ಡು. ಖಾಸಗಿ ಸೀಟಿಗೆ ವರ್ಷಕ್ಕೆ ಹತ್ತು ಲಕ್ಷ ದಾಟುವುದು ಈಗ ಮಾಮೂಲು, ಓದು ನಾಲ್ಕೂವರೆ ವರ್ಷ. ಅಡಿಕೆ ತೋಟ ಅಡವಿಟ್ಟು ಆ ಸೀಟು ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಹೊರದೇಶದ ಸೀಟು ಅಗ್ಗವೆಂದು ಏಜೆಂಟ್ ಹೇಳುತ್ತಾನೆ. ಅಲ್ಲಿಗೂ ನೀಟ್ ಅರ್ಹತೆ ಬೇಕು. ಓದಿ ಬಂದ ಮೇಲೆ ಎಫ್‌ಎಂಜಿಇ ಎಂಬ ಪರೀಕ್ಷೆಯಲ್ಲಿ 300ಕ್ಕೆ 150 ತೆಗೆಯಬೇಕು, ಅದರಲ್ಲಿ ಪಾಸಾಗುವವರು ಇತ್ತೀಚೆಗೆ ಹಲವು ಸಲ ನೂರಕ್ಕೆ ಮೂವತ್ತರ ಒಳಗೇ. ಈ ಮಾತು ಅವನ ಬಾಯಲ್ಲಿ ಬರುವುದಿಲ್ಲ. ಎಂಬಿಬಿಎಸ್ ಬಿಟ್ಟರೆ ಬೇರೆ ದಾರಿಯೂ ಇದೆ. ಕೇರಳದಲ್ಲಿ ಬಿಎಸ್ಸಿ ನರ್ಸಿಂಗ್ ಸೀಟು ಸಿಗುವುದು ಪ್ಲಸ್ ಟು ಅಂಕದ ಮೇಲೆ, ನೀಟ್ ಬೇಡ. ಅದನ್ನು ಹೇಳಿದಾಗ ಹುಡುಗಿ ತಲೆಯಾಡಿಸಿದಳು, ಅಪ್ಪನ ಮುಖ ಮಾತ್ರ ಸಪ್ಪಗಾಯಿತು.

ಅವರ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ಈಚೆ ಕಡೆಯೇ ಉಳಿದರು, ಕೆಲವರು ತೀರಿಕೊಂಡರು. ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದು, 50 ಎಂಬಿಬಿಎಸ್ ಸೀಟಿಗೆ ಅನುಮತಿ ಬಂದದ್ದು 2025ರಲ್ಲಿ. ಮನೆಗೊಬ್ಬ ಡಾಕ್ಟರು ಬೇಕೆಂದು ಇಲ್ಲಿಯವರಿಗೆ ಅನಿಸಿದರೆ ಆಶ್ಚರ್ಯವೇನಿಲ್ಲ.

ಹುಡುಗಿ ಒಂದು ವರ್ಷ ರಿಪೀಟ್ ಮಾಡುವುದೆಂದು ತೀರ್ಮಾನವಾಯಿತು. ಒಂದೇ ವರ್ಷ. ಅವಳಿಗೆ ಹೇಳಿದ್ದನ್ನೇ ನಿಮ್ಮ ಮಕ್ಕಳಿಗೂ ಹೇಳುತ್ತೇನೆ. ನೀಟ್ ಕನ್ನಡದಲ್ಲೂ ಇದೆ, 2017ರಿಂದ. ಇಂಗ್ಲಿಷ್ ಜೊತೆಗೇ ಅಚ್ಚಾಗಿರುವ ಆ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಮಾತ್ರ, ಕಾಸರಗೋಡಿನಲ್ಲಿ ಇಲ್ಲ. ಇಲ್ಲೂ ಕೊಡಿ ಎಂದು ನಮ್ಮ ಜನಪ್ರತಿನಿಧಿಗಳು ಒತ್ತಾಯಿಸಲಿ. ಅಲ್ಲಿಯವರೆಗೆ, ಕನ್ನಡ ಬೇಕಾದವರು ಅರ್ಜಿ ತುಂಬುವಾಗ ಪರೀಕ್ಷಾ ನಗರದ ಜಾಗದಲ್ಲಿ ಮಂಗಳೂರು ಆರಿಸಲು ಅವಕಾಶವಿದೆಯೇ ಎಂದು ನೋಡಿಕೊಳ್ಳಿ.