ಮುಂದಿನ ಗಾಡಿಯ ಕೆಂಪು ದೀಪ

ನಮ್ಮ ಕಡೆ ಹುರುಳಿ ಕೊಯ್ಲಾಯಿತೆಂದರೆ ರಸ್ತೆಯೇ ಕಣ. ಕಿತ್ತ ಬಳ್ಳಿಯನ್ನು ಟಾರಿನ ಮೇಲೆ ಹರಡಿಬಿಟ್ಟರೆ ಬಸ್ಸು, ಲಾರಿಗಳು ಬಿಟ್ಟಿಯಾಗಿ ಒಕ್ಕಣೆ ಮಾಡಿಕೊಡುತ್ತವೆ. 2023ರ ಜನವರಿಯ ಒಂದು ಬೆಳಿಗ್ಗೆ ಚಾಮರಾಜನಗರದಿಂದ ಹರದನಹಳ್ಳಿಯ ದಿವ್ಯಲಿಂಗೇಶ್ವರ ದೇವಸ್ಥಾನಕ್ಕೆ ಹೊರಟಿದ್ದೆವು. ಕಾರು ನಡೆಸುತ್ತಿದ್ದವನು ಮಗ. ಕಾಲೇಜು ಹುಡುಗ, ಲೈಸೆನ್ಸು ಕೈಗೆ ಬಂದು ಎರಡು ತಿಂಗಳಾಗಿತ್ತು. ಊರು ಇನ್ನೇನು ಬಂತು ಎನ್ನುವಾಗ ಮುಂದಿದ್ದ ಟೊಮೆಟೊ ಗಾಡಿ ಹುರುಳಿಯ ರಾಶಿ ಕಂಡು ತಟ್ಟನೆ ನಿಂತಿತು. ಇವನೂ ಬ್ರೇಕ್ ಒತ್ತಿದ. ಚಕ್ರ ನಿಂತಿತು, ಕಾರು ನಿಲ್ಲಲಿಲ್ಲ. ಒಣಬಳ್ಳಿಯ ಮೇಲೆ ಜಾರಿಕೊಂಡು ಹೋಗಿ ಗಾಡಿಯ ಬೆನ್ನಿಗೆ ಗುದ್ದಿತು.

ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಗಾಡಿಯ ಹಿಂಬಾಗಿಲು ಬಗ್ಗಿತು, ಟೊಮೆಟೊ ರಸ್ತೆಪಾಲಾಯಿತು. ನಷ್ಟವನ್ನು ಕಟ್ಟಿಕೊಟ್ಟೆವು. ಅಲ್ಲಿಗೆ ಮುಗಿಯಿತೆಂದುಕೊಂಡರೆ ಭಾರತೀಯ ದಂಡ ಸಂಹಿತೆಯ 279ನೇ ಕಲಮಿನಡಿ ಮೊಕದ್ದಮೆ ದಾಖಲಾಯಿತು: ಅತಿವೇಗ, ಅಜಾಗರೂಕತೆಯ ಚಾಲನೆ. ಆರು ತಿಂಗಳವರೆಗೆ ಸಜೆ, ಇಲ್ಲವೆ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಈ ಕಲಮಿಗೆ ರಾಜಿಗೂ ಅವಕಾಶವಿಲ್ಲ. 2024ರ ಜುಲೈ 1ರ ನಂತರದ ಇಂಥ ಪ್ರಕರಣಗಳಿಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು ಅನ್ವಯಿಸುತ್ತದೆ.

'ತಪ್ಪಾಯಿತು ಅಂತ ಒಪ್ಪಿಕೊಂಡು ದಂಡ ಕಟ್ಟಿಬಿಡಿ, ಅಲೆದಾಟ ತಪ್ಪುತ್ತದೆ' ಎಂದರು ನೆಂಟರಿಷ್ಟರು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ನನಗೂ ಗೊತ್ತಿತ್ತು. ವಕೀಲರು ಮಾತ್ರ ತಲೆಯಾಡಿಸಿದರು. 'ಒಪ್ಪಿಕೊಂಡರೆ ಅದು ಬರೀ ದಂಡವಲ್ಲ, ಶಿಕ್ಷೆ. ನಾಳೆ ಸರ್ಕಾರಿ ಕೆಲಸ ಸಿಕ್ಕಿದರೆ ಪೂರ್ವಾಪರ ತಪಾಸಣೆಯ ಅರ್ಜಿಯಲ್ಲಿ ಶಿಕ್ಷೆಯಾಗಿದೆಯೇ ಎಂಬ ಪ್ರಶ್ನೆ ಇರುತ್ತದೆ. ಆಗ ಏನು ಬರೆಯುತ್ತಾನೆ?'

ಆ ರಾತ್ರಿ ಊಟಕ್ಕೆ ಕೂತಾಗ ನಾನೊಂದು ಉಪಾಯ ಹೇಳಿದೆ. 'ಗಾಡಿಯ ಹಿಂದಿನ ಕೆಂಪು ದೀಪ ಉರಿಯುತ್ತಿರಲಿಲ್ಲ ಅಂದುಬಿಡೋಣ. ಯಾರು ನೋಡಿದ್ದಾರೆ?'

ಮಗ ತುತ್ತು ಕೆಳಗಿಟ್ಟ. 'ನಾನು ನೋಡಿದ್ದೀನಲ್ಲಪ್ಪಾ.'

ಸುಳ್ಳು ಹೇಳಬೇಡವೆಂದು ಹದಿನೆಂಟು ವರ್ಷ ಅವನಿಗೆ ಪಾಠ ಹೇಳಿದವನು ನಾನು. ಅನ್ನ ಗಂಟಲಲ್ಲಿ ನಿಂತಿತು.

ಮರುದಿನ ಇದನ್ನು ಕೇಳಿ ವಕೀಲರು ನಕ್ಕರು. ಆರೋಪವನ್ನು ಸಾಬೀತು ಮಾಡುವ ಹೊಣೆ ಸರ್ಕಾರದ್ದು, ನೀವು ಸುಳ್ಳು ಹೇಳುವ ಅಗತ್ಯವೇ ಇಲ್ಲ ಎಂದರು. ಕರ್ನಾಟಕದ್ದೇ ಒಂದು ಪ್ರಕರಣವನ್ನು ತೆಗೆದು ತೋರಿಸಿದರು. ಲಾರಿಯೊಂದು ಮಗುಚಿ ಅನೇಕರು ಸತ್ತ ಭೀಕರ ಅಪಘಾತ ಅದು. ಆದರೂ 1998ರಲ್ಲಿ ಸುಪ್ರೀಂ ಕೋರ್ಟು ಚಾಲಕನ ಬಿಡುಗಡೆಯನ್ನು ಎತ್ತಿಹಿಡಿಯಿತು. 'ಹೆಚ್ಚು ವೇಗ' ಎಂಬ ಮಾತು ಸಾಲದು, ಆ ಜಾಗದಲ್ಲಿ ಹೆಚ್ಚು ಎಂದರೆ ಎಷ್ಟು ಎಂಬುದನ್ನು ಸಾಕ್ಷಿ ಹೇಳಬೇಕು. ಅಪಘಾತವಾದ ಮಾತ್ರಕ್ಕೆ ಅಪರಾಧವನ್ನು ಊಹಿಸಿಕೊಳ್ಳುವಂತಿಲ್ಲ ಎಂಬುದು ಆ ತೀರ್ಪಿನ ಸಾರ.

ಎರಡು ವರ್ಷ ವಾಯಿದೆಗಳ ಮೇಲೆ ವಾಯಿದೆ. ಪರೀಕ್ಷೆಯ ನಡುವೆಯೂ ಹುಡುಗ ಕೋರ್ಟಿನ ಜಗಲಿಯಲ್ಲಿ ಪುಸ್ತಕ ಹಿಡಿದು ಕೂತ. ಕೊನೆಗೆ ಗಾಡಿಯ ಚಾಲಕ ಸಾಕ್ಷಿಕಟ್ಟೆ ಹತ್ತಿ 'ಜೋರಾಗಿ ಬಂದರು ಸಾರ್' ಎಂದ. ಬರುವುದನ್ನು ಕಂಡೆಯಾ ಎಂದು ಕೇಳಿದರೆ, 'ಇಲ್ಲ, ಸದ್ದಾದ ಮೇಲೆ ತಿರುಗಿ ನೋಡಿದೆ' ಎಂದು ಪ್ರಾಮಾಣಿಕವಾಗಿ ಹೇಳಿದ. ರಸ್ತೆಯ ಮೇಲೆ ಹುರುಳಿ ಹರಡಿದ್ದನ್ನೂ ಮುಚ್ಚಿಡಲಿಲ್ಲ. 2025ರಲ್ಲಿ ಮಗನ ಬಿಡುಗಡೆಯಾಯಿತು.

ಹೊರಗೆ ಬಂದು ಕಾಫಿ ಕುಡಿಯುವಾಗ ನಾನು ಗೆದ್ದ ಹುರುಪಿನಲ್ಲಿದ್ದೆ. ಅವನು ಮೆಲ್ಲಗೆ ಹೇಳಿದ: 'ಅಪರಾಧ ಅಲ್ಲ ಸರಿ. ಆದರೆ ತಪ್ಪು ನನ್ನದೇ ಅಲ್ವಾ? ಅಷ್ಟು ಹತ್ತಿರ ಹೋಗಬಾರದಿತ್ತು.' ಅವನ ಮಾತು ನಿಜ. ಮುಂದಿನ ವಾಹನ ಹಠಾತ್ತನೆ ನಿಂತರೂ ತಾಗದಷ್ಟು ಅಂತರ ಇರಬೇಕೆಂದು 1989ರ ರಸ್ತೆ ನಿಯಮಗಳೇ ಹೇಳಿದ್ದವು. ಅವುಗಳ ಜಾಗಕ್ಕೆ ಬಂದ 2017ರ ನಿಯಮಗಳೂ ಅಂತರ ಕಾಯಬೇಕೆನ್ನುತ್ತವೆ. ಮಾಡದ ಅಪರಾಧವನ್ನು ಅಲೆದಾಟಕ್ಕೆ ಹೆದರಿ ಒಪ್ಪಿಕೊಳ್ಳಬಾರದು, ಮಾಡಿದ ತಪ್ಪನ್ನು ತೀರ್ಪಿನ ಹಿಂದೆ ಬಚ್ಚಿಡಲೂಬಾರದು. ಈ ಎರಡನೆಯ ಮಾತನ್ನು ನಾನು ಕಲಿತದ್ದು ಮಗನಿಂದ.

ಕಳೆದ ವಾರ ಮತ್ತೆ ಅದೇ ದಾರಿಯಲ್ಲಿ ಹೋದೆವು. ಮುಂದೊಂದು ಬಸ್ಸಿತ್ತು. ಅದು ಒಂದು ಹುಣಸೆಮರ ದಾಟಿದ ಕೂಡಲೇ ಮಗ ತುಟಿಯಲ್ಲೇ ಎಣಿಸತೊಡಗಿದ: ಒಂದು, ಎರಡು, ಮೂರು. ನಮ್ಮ ಕಾರು ಆ ಮರದ ಬಳಿ ಬಂದದ್ದು ಆಮೇಲೆ.