ಕಿಸೆಯಲ್ಲೊಂದು ಉಕ್ಕು

ನಮ್ಮ ತಾತನ ಎಲೆಯಡಿಕೆ ಸಂಚಿಯಲ್ಲಿ ಉಕ್ಕಿನ ಎರಡು ವಸ್ತುಗಳಿದ್ದವು. ಒಂದು ಅಡಕೊತ್ತು, ಇನ್ನೊಂದು ಎಮ್ಮೆಕೊಂಬಿನ ಹಿಡಿಯ ಮಡಚುವ ಚಾಕು. ಮಸೆದೂ ಮಸೆದೂ ಅದರ ಅಲಗು ಬೇವಿನೆಲೆಯಷ್ಟು ಸಣ್ಣಗಾಗಿತ್ತು. ಎತ್ತಿನ ಹಗ್ಗದ ತುದಿ ಕತ್ತರಿಸಲು ಅದೇ, ಅಂಗಾಲಿಗೆ ಚುಚ್ಚಿದ ಜಾಲಿಮುಳ್ಳು ಕೀಳಲು ಅದೇ, ಮಾವಿನಹಣ್ಣು ಹೋಳು ಮಾಡಿ ಮೊಮ್ಮಕ್ಕಳಿಗೆ ಹಂಚಲೂ ಅದೇ. ಮಹಾನವಮಿಯ ಖಂಡೇಪೂಜೆಗೆ ಕುಡಗೋಲು, ಕೊಡಲಿ, ಕುಂಟೆಯ ಕುಡಗಳ ಸಾಲಿನ ಕೊನೆಯಲ್ಲಿ ಅದೂ ಕೂರುತ್ತಿತ್ತು. ವಿಭೂತಿ, ಕುಂಕುಮ ಅದಕ್ಕೂ ಬೀಳುತ್ತಿದ್ದವು. ತಾತ ಹೋದ ವರ್ಷವೇ ಚಾಕು ಎಲ್ಲೋ ಕಳೆಯಿತು. ಅಡಕೊತ್ತು ಉಳಿದಿದೆ.

ರಾಯಚೂರು ಜಿಲ್ಲೆಯ ನಮ್ಮ ಹಿರೇಕೊಟ್ನೆಕಲ್ಲಿನಂಥ ಊರಲ್ಲಿ ಕಿಸೆಯಲ್ಲಿ ಚಾಕು ಇಲ್ಲದ ದಿನ ಕೈ ಅರ್ಧ ಕಟ್ಟಿಹಾಕಿದಂತೆ. ಹತ್ತಿಯ ಚೀಲದ ಹೊಲಿಗೆ ಬಿಚ್ಚಬೇಕು, ಗೊಬ್ಬರದ ಚೀಲ ಸೀಳಬೇಕು, ಹನಿ ನೀರಾವರಿಯ ಪೈಪು ಕೊಯ್ಯಬೇಕು. ಹೀಗಾಗಿ ಐವತ್ತರ ಹೊಸ್ತಿಲಲ್ಲಿ ನನಗೊಂದು ಆಸೆ ಹುಟ್ಟಿತು. ಒಂದೇ ಒಂದು ಚಾಕು ಕೊಳ್ಳಬೇಕು, ಆದರೆ ಅದು ನನ್ನ ಕೈಗೆಂದೇ ಮಾಡಿಸಿದ್ದಾಗಿರಬೇಕು, ನನ್ನ ಮೊಮ್ಮಕ್ಕಳವರೆಗೂ ಬಾಳಬೇಕು.

ಮೊದಲ ಸಲ ಮೋಸಹೋದೆ. ದೊಡ್ಡ ಊರೊಂದರ ಅಂಗಡಿಯಲ್ಲಿ ಅಲೆಅಲೆಯ ಚಿತ್ತಾರವಿದ್ದ ಅಲಗು ಕಣ್ಣು ಸೆಳೆಯಿತು. 'ಡಮಾಸ್ಕಸ್' ಅಂದರು, ಕೇಳಿದಷ್ಟು ಕೊಟ್ಟು ತಂದೆ. ನಾಲ್ಕು ಸಲ ಸಾಣೆಕಲ್ಲಿಗೆ ಉಜ್ಜಿದ್ದೇ ತಡ, ಅಲೆಗಳು ಅಳಿಸಿಹೋದವು. ಚಿತ್ತಾರ ಉಕ್ಕಿನೊಳಗೆ ಇರಲೇ ಇಲ್ಲ, ಮೇಲೆ ಬರೆದದ್ದು. ಎರಡು ತಿಂಗಳಿಗೆ ಅಲಗು ಹಿಡಿಯಲ್ಲಿ ಅಲುಗಾಡತೊಡಗಿತು.

ಆ ಚಾಕು ಹಿಡಿದುಕೊಂಡು ಕಮ್ಮಾರ ಕಾಕಾನ ಕುಲುಮೆಗೆ ಹೋದೆ. ವರ್ಷಕ್ಕೊಮ್ಮೆ ಸುಗ್ಗಿಯ ಕಾಳನ್ನು ಆಯವಾಗಿ ಪಡೆದು ಇಡೀ ಓಣಿಯ ಕುಡಗೋಲು ಮಸೆದುಕೊಟ್ಟ ಮನೆತನ ಅವರದು. ಮೊಬೈಲಿನಲ್ಲಿ ನಾನು ಗುಡ್ಡೆಹಾಕಿಕೊಂಡಿದ್ದ ಚಾಕುಗಳ ಚಿತ್ರಗಳನ್ನೆಲ್ಲ ತೋರಿಸಿದೆ. ಕನ್ನಡಕ ಏರಿಸಿ ಒಂದೊಂದನ್ನೂ ನಿಧಾನಕ್ಕೆ ನೋಡಿದರು.

"ಚಂದ ಅದಾವ ತಮ್ಮಾ. ಇದರಿಂದ ಏನ್ ಕೊಯ್ತಿ?"

"ಎಲ್ಲಾ ಕೊಯ್ಯಾಕ ಬೇಕು ಕಾಕಾ."

"ಎಲ್ಲಾ ಕೊಯ್ಯೋ ಚಾಕು ಯಾವದೂ ನೆಟ್ಟಗ ಕೊಯ್ಯಂಗಿಲ್ಲಪಾ. ಕೆಲಸ ಹೇಳು, ಅಲಗು ಹೇಳ್ತೀನಿ."

ಆಮೇಲೆ ತಾತನ ಅಡಕೊತ್ತು ತರಿಸಿಕೊಂಡರು. ಎರಡು ತೋಳು ಕೂಡುವ ಕೀಲನ್ನು ಬೆಳಕಿಗೆ ಹಿಡಿದು ತೋರಿಸಿದರು. ಎಪ್ಪತ್ತು ವರ್ಷ ಅಡಿಕೆ ಒಡೆದರೂ ತೋಳುಗಳ ನಡುವೆ ಕೂದಲು ತೂರುವಷ್ಟೂ ಸಂದು ಬಿದ್ದಿರಲಿಲ್ಲ. ತೆರೆದರೆ ಬೆಣ್ಣೆಯಲ್ಲಿ ಬೆರಳು ಆಡಿದಂತೆ ಸರಾಗ. "ಮಡಚೋ ಸಾಮಾನಿನಾಗ ಮೊದಲು ಕೀಲು ನೋಡು, ಆಮ್ಯಾಲ ಅಲಗು, ಕಡೀಕ ಚಂದ" ಅಂದರು. ನಾನು ತಲೆಕೆಳಗಾಗಿ ನೋಡುತ್ತ ಬಂದಿದ್ದೆ.

ಉಕ್ಕಿನ ವಿಷಯಕ್ಕೆ ಬಂದರೆ ನಮ್ಮವರು ಯಾರ ಮುಂದೂ ತಲೆತಗ್ಗಿಸಬೇಕಿಲ್ಲ. ಜಗತ್ತಿನ ಕತ್ತಿಪ್ರಿಯರು ಕಣ್ಣರಳಿಸಿ ಹೇಳುವ 'ವೂಟ್ಜ್' ಎಂಬ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಹೋದದ್ದೆಂದು ಬಹಳ ವಿದ್ವಾಂಸರ ಅಭಿಪ್ರಾಯ. ದಖ್ಖನಿನ ಮೂಸೆಗಳಲ್ಲಿ ಕಬ್ಬಿಣ, ಇದ್ದಿಲು, ಹಸಿಎಲೆ ಇಟ್ಟು ಬಾಯಿ ಮುಚ್ಚಿ ಕರಗಿಸಿದ ಗಟ್ಟಿಗಳು ಹಡಗು ಹತ್ತಿ ಪಶ್ಚಿಮಕ್ಕೆ ಹೋದವು. ಡಮಾಸ್ಕಸ್ ಖಡ್ಗದ ಮೈಮೇಲಿನ ನಿಜವಾದ ಅಲೆ ಆ ಉಕ್ಕಿನ ಒಡಲೊಳಗಿನದು. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಅಂಥ ಮೂಸೆಗಳ ಚೂರು ಇವತ್ತಿಗೂ ಸಿಗುತ್ತವೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಈ ಉಕ್ಕಿನ ಬಗ್ಗೆ ಪ್ರಬಂಧ ಓದಿದ. ಅದೇ ಊರಿನ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ಕಸಬುದಾರ, ತನ್ನ ಶಸ್ತ್ರವೈದ್ಯದ ಉಪಕರಣಗಳಿಗೆ ಯುರೋಪಿನ ಉಕ್ಕಿಗಿಂತ ಇದೇ ಮೇಲೆಂದು ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ. ಅವನ ಜೊತೆ ಕೂತು ಇದರ ಗುಟ್ಟು ಹುಡುಕಿದವನು ಮೈಕೆಲ್ ಫ್ಯಾರಡೆ, ಕಮ್ಮಾರನ ಮಗ. ನಮ್ಮ ಜಿಲ್ಲೆಯ ಮಸ್ಕಿಯನ್ನು ಜನ ಅಶೋಕನ ಶಾಸನಕ್ಕಾಗಿ ನೆನೆಯುತ್ತಾರೆ. ಅದೇ ನೆಲದಲ್ಲಿ ಕಬ್ಬಿಣಕ್ಕೂ ಹಿಂದಿನ ಜನ ಕಲ್ಲಿನಿಂದ ಎಬ್ಬಿಸಿದ ಉದ್ದುದ್ದ ಅಲಗುಗಳೂ ಸಿಕ್ಕಿವೆ. ಹರಿತದ ಚಿಂತೆ ಈ ಸೀಮೆಗೆ ಹೊಸದಲ್ಲ.

ಕಾಕಾ ಹದ ಹಾಕುವುದನ್ನು ಆ ಸಂಜೆ ಮೊದಲ ಸಲ ಗಮನಕೊಟ್ಟು ನೋಡಿದೆ. ಲಾರಿಯ ಹಳೇ ಪಾಟಾದಿಂದ ತಟ್ಟಿದ ಕುಡಗೋಲು ಕೆಂಡದಲ್ಲಿತ್ತು. ಬಾಗಿಲು ಅರ್ಧ ಮುಚ್ಚಿದರು, ಹೊರಗಿನ ಬೆಳಕು ಇದ್ದರೆ ಬಣ್ಣ ಮೋಸಮಾಡುತ್ತದಂತೆ. ಕೆಂಪು ಏರಿ ಏರಿ ಮಾಗಿದ ಮೆಣಸಿನಕಾಯಿಯ ಬಣ್ಣ ದಾಟಿದಾಗ ಇಕ್ಕಳದಿಂದೆತ್ತಿ ಬಾಯಿಯನ್ನಷ್ಟೇ ಎಣ್ಣೆಗೆ ಅದ್ದಿದರು. ಹೊಗೆ ಎದ್ದಿತು. ಈಗದು ಗಾಜಿನಂತೆ ಗಡಸು, ಕಲ್ಲಿಗೆ ಬಿದ್ದರೆ ಚೂರಾಗುತ್ತದೆ. ಬಾಯಿಯನ್ನು ಕಲ್ಲಿಗೆ ಉಜ್ಜಿ ಬಿಳುಪು ಮಾಡಿ, ಬೆನ್ನನ್ನು ಕೆಂಡದ ಹತ್ತಿರ ಹಿಡಿದು ಕಾದರು. ಬೆನ್ನಿನಿಂದ ಬಣ್ಣವೊಂದು ಹರಿಯುತ್ತ ಬಂತು. ಒಣಹುಲ್ಲಿನ ತಿಳಿಹಳದಿ ಬಾಯಿಯ ಅಂಚು ಮುಟ್ಟಿದ ಗಳಿಗೆಗೆ ಮತ್ತೆ ಅದ್ದಿಬಿಟ್ಟರು. ಇನ್ನೂ ತುಸು ತಡೆದಿದ್ದರೆ ನೀಲಿ ಬಂದು ಅಲಗು ಮೆತ್ತಗಾಗುತ್ತಿತ್ತು. ಆ ಹಳದಿ ಹೆಚ್ಚುಕಡಿಮೆ 220 ಡಿಗ್ರಿ ಸೆಲ್ಸಿಯಸ್, ನೀಲಿ 300ರ ಆಸುಪಾಸು. ಕಾಕಾನಿಗೆ ಆ ಅಂಕಿಗಳು ಬೇಕಿಲ್ಲ.

ದುಬಾರಿ ಚಾಕುವಿನಲ್ಲಿ ನಾವು ದುಡ್ಡು ಕೊಡಬೇಕಾದದ್ದು ಈ ಗಳಿಗೆಗೆ. ಇದು ಕಣ್ಣಿಗೆ ಕಾಣುವುದಿಲ್ಲ, ಚಿತ್ರದಲ್ಲಿ ಬರುವುದಿಲ್ಲ. ಉತ್ತಮ ಉಕ್ಕು ಕೆಟ್ಟ ಹದಕ್ಕೆ ಸಿಕ್ಕರೆ ತಗಡು. ಸಾಧಾರಣ ಉಕ್ಕು ಒಳ್ಳೇ ಹದದಲ್ಲಿ ಮೂರು ತಲೆಮಾರು ಬಾಳುತ್ತದೆ. ಚಾಕು ಮಾಡುವವನನ್ನು 'ಯಾವ ಉಕ್ಕು' ಅಂತ ಕೇಳುವವರು ಬಹಳ. 'ಹದ ಹಾಕೋರು ಯಾರು, ಹೆಂಗ ಹಾಕ್ತೀರಿ' ಅಂತ ಕೇಳುವವರು ಕಡಿಮೆ. ಈ ಪ್ರಶ್ನೆಗೆ ಮುಖ ಅರಳಿಸಿ ಅರ್ಧ ತಾಸು ಮಾತಾಡಿದವರಿಗೇ ನಾನು ಮುಂಗಡ ಕೊಟ್ಟೆ.

ಉಕ್ಕನ್ನು ಬೇರಿಂಗಿನ ಜಾತಿಯದು ಆರಿಸಿದೆ. ನೂರಕ್ಕೆ ಒಂದರಷ್ಟು ಇಂಗಾಲ, ಒಂದೂವರೆಯಷ್ಟು ಕ್ರೋಮಿಯಂ. ಇದು ತುಕ್ಕು ಹಿಡಿಯುತ್ತದೆ, ನಿಜ. 2001ರಲ್ಲಿ ಅಮೆರಿಕದಲ್ಲಿ ಬಂದ ಎಸ್‌30ವಿ ಎಂಬ ಪುಡಿಲೋಹದ ಉಕ್ಕು 14ರಷ್ಟು ಕ್ರೋಮಿಯಂ, 4ರಷ್ಟು ವನೇಡಿಯಂ ಹೊತ್ತು ತುಕ್ಕಿಗೂ ಸವೆತಕ್ಕೂ ಜಗ್ಗದೆ ನಿಲ್ಲುತ್ತದೆ. ಆದರೆ ಅದನ್ನು ಮಸೆಯಲು ವಜ್ರದ ಪುಡಿಯ ಕಲ್ಲಿದ್ದರೆ ಒಳ್ಳೆಯದು. ನನ್ನದು ಅಂಗಳದ ಸಾಣೆಕಲ್ಲಿಗೆ ಹತ್ತು ನಿಮಿಷದಲ್ಲಿ ಹರಿತಕ್ಕೆ ಬರುತ್ತದೆ. ರಾಯಚೂರಿನ ಒಣಹವೆಯಲ್ಲಿ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿದರೆ ತುಕ್ಕಿನ ಮಾತೇ ಇಲ್ಲ. ಲಿಂಬೆ, ಮಾವು ಕೊಯ್ದಲ್ಲೆಲ್ಲ ಮೈ ಬೂದುಗಪ್ಪು ತಿರುಗುತ್ತದೆ. ಆ ಕಪ್ಪೇ ಅದಕ್ಕೆ ರಕ್ಷೆ.

ಈಗಿನ ಎಷ್ಟೋ ಚಾಕುಗಳ ಕೀಲಿನಲ್ಲಿ ಸಣ್ಣ ಗುಂಡುಗಳ ಬೇರಿಂಗ್ ಇರುತ್ತದೆ, ಬೆರಳು ತಾಗಿಸಿದರೆ ಹಾರಿ ತೆರೆದುಕೊಳ್ಳುತ್ತವೆ. ನಮ್ಮ ಎರೆಮಣ್ಣಿನ ದೂಳು ಅದರೊಳಗೆ ಹೊಕ್ಕರೆ ಮುಗಿಯಿತು. ನಾನು ಕಂಚಿನ ಚಪ್ಪಟೆ ವಾಷರ್ ಕೇಳಿದೆ. ತೆರೆದಾಗ ಅಲಗನ್ನು ಹಿಡಿದು ನಿಲ್ಲಿಸುವ ಬಗೆಯಲ್ಲೂ ಹಲವು ವಿಧಗಳಿವೆ. ಫ್ರಾನ್ಸಿನ ಸವಾಯ್ ಬೆಟ್ಟಗಳ ರೈತರಿಗಾಗಿ 1890ರಲ್ಲಿ ಹುಟ್ಟಿದ ಒಪಿನೆಲ್ ಚಾಕುವಿಗೆ 1955ರಲ್ಲಿ ತಿರುಗಿಸುವ ಬಳೆ ಬಂತು. ಅಮೆರಿಕದ ಮೈಕೆಲ್ ವಾಕರ್ 1980ರ ದಶಕದ ಆರಂಭದಲ್ಲಿ, ಹಿಡಿಯೊಳಗಿನ ತಗಡೇ ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆನಿಕೊಳ್ಳುವ ಬಗೆಯನ್ನು ಈಗಿನ ರೂಪಕ್ಕೆ ತಂದ. ನನ್ನದು ಈ ಎರಡನೆಯದು. ಚಾಕು ಕೈಗೆ ಬಂದಾಗ ತೆರೆದು, ಹಿಡಿ ಒಂದು ಕೈಯಲ್ಲಿ, ಅಲಗಿನ ಬೆನ್ನು ಇನ್ನೊಂದು ಕೈಯಲ್ಲಿ ಹಿಡಿದು ಎಡಬಲ, ಮೇಲೆಕೆಳಗೆ ಅಲುಗಿಸಿ ನೋಡಿದೆ. ಮಿಸುಕಲಿಲ್ಲ. ಮಡಚಿದಾಗ ಅಲಗು ಎರಡೂ ಪಕ್ಕಗಳ ನಟ್ಟನಡುವೆ ಮಲಗಿತ್ತು.

ಹಿಡಿಗೆ ಜಿಂಕೆಯ ಕೊಂಬು ಹಾಕಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದರ ವ್ಯಾಪಾರ ಅಪರಾಧ. ಕಾಯ್ದೆ ಇರದಿದ್ದರೂ ಹೊಲದಂಚಿನಲ್ಲಿ ಚಿಗರಿ ಜಿಗಿಯುವುದನ್ನು ನೋಡಿದವನ ಕೈ ಅದನ್ನು ಹಿಡಿಯಲಾರದು. ಚಾಕು ಮಾಡುವವರಿಗೆ ನಾನು ಕಳಿಸಿದ್ದು ಜಾಲಿಯ ತುಂಡು. ತಾತನ ಬಂಡಿಯ ಗಾಲಿಯ ಗುಂಬದಿಂದ ಗರಗಸ ಹಾಕಿ ತೆಗೆದದ್ದು. ಜೊತೆಗೆ ಕಾಗದದ ಮೇಲೆ ನನ್ನ ಅಂಗೈ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸಿದೆ. ಅಲಗು ಮೂರು ಇಂಚು ಸಾಕೆಂದೆ. ಶಸ್ತ್ರಾಸ್ತ್ರ ನಿಯಮಗಳ ಮಿತಿ 9 ಇಂಚು ಉದ್ದ, 2 ಇಂಚು ಅಗಲ. ರೈತನ ಕಿಸೆಯ ಕೆಲಸಕ್ಕೆ ಅದರ ಮೂರನೇ ಒಂದು ಪಾಲೇ ಹೆಚ್ಚು.

ಎಂಟು ತಿಂಗಳು ಕಾದೆ. ಬಂದ ದಿನ ನೇರ ಕುಲುಮೆಗೇ ಒಯ್ದೆ. ಕಾಕಾ ಮೊದಲು ಕೀಲು ನೋಡಿದರು, ಕಿವಿಯ ಹತ್ತಿರ ಹಿಡಿದು ಎರಡು ಸಲ ತೆರೆದು ಮುಚ್ಚಿ ಸದ್ದು ಕೇಳಿದರು, ಮುಂಗೈಯ ಕೂದಲ ಮೇಲೆ ಅಲಗು ಆಡಿಸಿದರು. "ಮಾಡಿದಾಂವ ಕಮ್ಮಾರನ ಅದಾನ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ.

ನಿಮಗೂ ಅಂಥದೊಂದು ಮಾಡಿಸುವ ಮನಸ್ಸಿದ್ದರೆ, ಮುಂಗಡ ಕೊಡುವ ಮೊದಲು ನಿಮ್ಮೂರಿನಲ್ಲಿ ಇನ್ನೂ ಬೆಂಕಿ ಆರದ ಕುಲುಮೆ ಎಲ್ಲಿದೆ ವಿಚಾರಿಸಿ. ಅಲ್ಲಿ ಒಂದು ಸಂಜೆ ಕೂತು ಬನ್ನಿ. ಹೋಗುವಾಗ ಮನೆಯಲ್ಲಿ ಮೊಂಡಾಗಿ ಬಿದ್ದ ಈಳಿಗೆಯನ್ನೋ ಕುಡಗೋಲನ್ನೋ ಒಯ್ದು, ಮಸೆಸಿಕೊಂಡು, ಕೂಲಿ ಕೊಟ್ಟೇ ಬನ್ನಿ.